ಪದಕದ ಅಂಚಿನ ಹೆಸರು

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಹಾಕುವವರು ನಮ್ಮ ಕಾಲೇಜಿನಲ್ಲಿ ಎಂದೂ ಕಡಮೆಯಾಗಿಲ್ಲ. ಈಚೆಗೆ ಇವರ ಸಾಲಿಗೆ ಇನ್ನೊಂದು ಬಗೆಯವರು ಬಂದು ಸೇರಿದ್ದಾರೆ. ಇವರಿಗೆ ಬೇಕಾದದ್ದು ಯುದ್ಧಕಾಲದ ಸೈನಿಕ ವಸ್ತುಗಳು: ಪದಕ, ಟೋಪಿಯ ಬಿಲ್ಲೆ, ಹಿತ್ತಾಳೆಯ ಗುಂಡಿ, ಸಿಪಾಯಿಯ ನೀರಿನ ಸೀಸೆ, ಊಟದ ತಗಡಿನ ಡಬ್ಬಿ, ಒರೆಯಿಲ್ಲದ ಬಯೊನೆಟ್ಟು. ಸಂತೆಯ ದಿನ ಗುಜರಿ ಸಾಮಾನಿನವನ ಗೋಣಿತಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೆದಕುವ ಮಿತ್ರರನ್ನು ನಾನು ಬಲ್ಲೆ. ರಾತ್ರಿ ಎರಡು ಗಂಟೆಯವರೆಗೆ ಅಂತರಜಾಲದ ಹರಾಜಿನಲ್ಲಿ ಕಣ್ಣು ನೆಟ್ಟು, ಬೆಳಗಿನ ಮೊದಲ ಪಾಠದಲ್ಲಿ ತೂಕಡಿಸುವವರನ್ನೂ ಬಲ್ಲೆ. ಹವ್ಯಾಸ ಒಳ್ಳೆಯದೇ. ಆದರೆ ಅದು ನಡೆಯುತ್ತಿರುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ನಾವು ಲೋಹವನ್ನು ಜೋಪಾನ ಮಾಡಿ ಹೆಸರನ್ನು ಕಳೆಯುತ್ತಿದ್ದೇವೆ ಎಂಬುದೇ ಆ ತಕರಾರು.

ಮಾತು ಒಗಟಾಗದಿರಲಿ ಎಂದು ಒಂದು ಪದಕವನ್ನೇ ಎತ್ತಿಕೊಳ್ಳೋಣ. ಮೊದಲನೆಯ ಮಹಾಯುದ್ಧದಲ್ಲಿ ದುಡಿದವರಿಗೆ ಬ್ರಿಟಿಷ್ ಸರ್ಕಾರ ಕೊಟ್ಟ 'ಬ್ರಿಟಿಷ್ ವಾರ್ ಮೆಡಲ್' ನಮ್ಮ ಕಡೆ ಹಳೆಯ ಮನೆಗಳಲ್ಲಿ ಇನ್ನೂ ಆಗಾಗ ಕಣ್ಣಿಗೆ ಬೀಳುತ್ತದೆ. ಬೆಳ್ಳಿಯದು, ಅಡ್ಡಳತೆ 36 ಮಿಲಿಮೀಟರು. ಹಳೆಯ ಬೆಳ್ಳಿ ರೂಪಾಯಿಗಿಂತ ಒಂದಿಷ್ಟು ಅಗಲ, ಕೈಗೆ ಚೆನ್ನಾಗಿ ಭಾರ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಮುಖದಲ್ಲಿ ಬತ್ತಲೆ ಮೈಯ ಒಬ್ಬ ಸವಾರ. ಅವನ ಕುದುರೆ ಹದ್ದಿನ ಗುರುತಿರುವ ಗುರಾಣಿಯನ್ನೂ ಒಂದು ತಲೆಬುರುಡೆಯನ್ನೂ ತುಳಿಯುತ್ತಿದೆ. ಅಕ್ಕಪಕ್ಕದಲ್ಲಿ 1914 ಮತ್ತು 1918 ಎಂಬ ಇಸವಿಗಳು. ರಿಬ್ಬನ್ನು ನಡುವೆ ಕಿತ್ತಳೆ, ಆಮೇಲೆ ಬಿಳಿ, ಕಪ್ಪು, ಅಂಚಿಗೆ ನೀಲಿ. ಇಂಥವನ್ನು ಸುಮಾರು 65 ಲಕ್ಷದಷ್ಟು ಹೊಡೆದರು. ಆದ್ದರಿಂದ ಪದಕವೆಂಬ ವಸ್ತು ಅಪೂರ್ವವಲ್ಲ. ಒಂದು ಇನ್ನೊಂದರ ಪಡಿಯಚ್ಚು. ಇಷ್ಟನ್ನು ತಿಳಿದವನು ತನಗೆ ಎಲ್ಲವೂ ತಿಳಿಯಿತೆಂದು ಪದಕವನ್ನು ಗಾಜಿನ ಡಬ್ಬಿಯಲ್ಲಿ ಮಲಗಿಸಿಬಿಡುತ್ತಾನೆ. ಅದನ್ನು ಎರಡು ಬೆರಳುಗಳ ನಡುವೆ ನಿಲ್ಲಿಸಿ, ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಮಾತ್ರ ನಿಜವಾದ ಸಂಗತಿ ಹೊರಬೀಳುತ್ತದೆ. ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಂದು ಸಂಖ್ಯೆ, ಒಂದು ದರ್ಜೆ, ಒಬ್ಬ ಮನುಷ್ಯನ ಹೆಸರು, ಅವನ ಪಟಾಲಮಿನ ಹೆಸರು ಒತ್ತಲ್ಪಟ್ಟಿರುತ್ತವೆ. 65 ಲಕ್ಷದಲ್ಲಿ ಇದೊಂದೇ ಒಂದು ಎಂಬುದು ಗೊತ್ತಾಗುವುದು ಆ ಅಂಚಿನಲ್ಲಿ.

ಇಂಥ ಒಂದು ಹೆಸರಿಗೆ ಅಷ್ಟು ಬೆಲೆಯೇಕೆ ಎಂದು ಕೇಳಬಹುದು. ಅದನ್ನು ತಿಳಿಯಬೇಕಾದರೆ ಸ್ವಲ್ಪ ದೂರ, ಇರಾಕ್ ದೇಶದ ಬಸ್ರಾದವರೆಗೆ ಹೋಗಬೇಕು. ಮೊದಲನೆಯ ಮಹಾಯುದ್ಧದಲ್ಲಿ ಭಾರತದಿಂದ ಸುಮಾರು 13 ಲಕ್ಷ ಮಂದಿ ಸಮುದ್ರ ದಾಟಿದರು. ಸುಮಾರು 74 ಸಾವಿರ ಮಂದಿ ಹಿಂತಿರುಗಲಿಲ್ಲ. ಅವರಲ್ಲಿ ಬಹಳ ಮಂದಿ ಸತ್ತದ್ದು ಮೆಸೊಪೊಟೇಮಿಯದಲ್ಲಿ. ಅಲ್ಲಿ ಮಡಿದವರಿಗಾಗಿ 1929ರಲ್ಲಿ ಬಸ್ರಾ ಸ್ಮಾರಕವನ್ನು ಕಟ್ಟಿದರು. 40 ಸಾವಿರಕ್ಕೂ ಹೆಚ್ಚು ಮಂದಿಯ ನೆನಪಿಗಾಗಿ ಕಟ್ಟಿದ್ದು ಅದು. ಅದರ ಫಲಕಗಳ ಮೇಲೆ ಬ್ರಿಟಿಷ್ ಸೈನಿಕನ ಹೆಸರಿದೆ, ಭಾರತೀಯ ಅಧಿಕಾರಿಯ ಹೆಸರಿದೆ. ಭಾರತದ ಸಾಮಾನ್ಯ ಸಿಪಾಯಿಯ ಹೆಸರಿಲ್ಲ. ಇಂಥ ಪಟಾಲಮಿನವರು ಇಷ್ಟು ಮಂದಿ ಎಂಬ ಲೆಕ್ಕ ಮಾತ್ರ ಉಂಟು! ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಈ ವಿಷಯವನ್ನು ಪರಿಶೀಲಿಸಿ ವರದಿಯೊಂದನ್ನು ಹೊರತಂದಿತು. ಭಾರತ, ಆಫ್ರಿಕ, ಈಜಿಪ್ಟುಗಳ ಸುಮಾರು 45ರಿಂದ 54 ಸಾವಿರ ಮಂದಿಯನ್ನು ಇತರರಿಗೆ ಸಮನಾಗಿ ಸ್ಮರಿಸಲಿಲ್ಲವೆಂದೂ, ಕಡಮೆಯೆಂದರೂ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಲೇ ಇಲ್ಲವೆಂದೂ ಆ ವರದಿ ಒಪ್ಪಿಕೊಂಡು ಕ್ಷಮೆ ಕೋರಿತು. ದೆಹಲಿಯ ಇಂಡಿಯಾ ಗೇಟಿನ ಮೇಲೆ ಕೆತ್ತಿರುವ ಹೆಸರುಗಳಾದರೂ 13 ಸಾವಿರದ ಆಚೀಚೆ. ಮಡಿದವರ ಸಂಖ್ಯೆಯೊಡನೆ ಹೋಲಿಸಿದರೆ ಐದರಲ್ಲಿ ಒಂದು ಪಾಲೂ ಇಲ್ಲ.

ಹಾಗೆ ನೋಡಿದರೆ ಕಲ್ಲು ಮರೆತದ್ದನ್ನು ಲೋಹ ಮರೆತಿಲ್ಲ. ಸ್ಮಾರಕದ ಮೇಲೆ ತನ್ನ ಹೆಸರಿಲ್ಲದ ಸಿಪಾಯಿಯ ಮನೆಗೆ, ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ, ಅಂಚಿನಲ್ಲಿ ಅವನ ಹೆಸರಿರುವ ಪದಕ ಬಂತು. ನಮ್ಮ ಬೆಳಗಾವಿ, ಧಾರವಾಡದ ಕಡೆಯವರು ಇದನ್ನು ವಿಶೇಷವಾಗಿ ಯೋಚಿಸಬೇಕು. ಅಂದಿನ ಮುಂಬಯಿ ಪ್ರಾಂತ್ಯದ ಮರಾಠಾ ಪಟಾಲಮುಗಳು ಮೆಸೊಪೊಟೇಮಿಯದಲ್ಲಿದ್ದವು; 103ನೆಯ ಮತ್ತು 110ನೆಯ ಮರಾಠಾ ಪಟಾಲಮುಗಳು 1915ರ ಡಿಸೆಂಬರಿನಿಂದ ಕುಟ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಕಂಗೆಟ್ಟು, 1916ರ ಏಪ್ರಿಲ್ 29ರಂದು ತುರ್ಕರ ಕೈಗೆ ಸೆರೆಯಾದವು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಂದಿಗೂ ಬೆಳಗಾವಿಯಲ್ಲಿಯೇ ಇದೆ.

ಇನ್ನು ಮೈಸೂರಿನವರ ಕಥೆ. ಮೈಸೂರು ಲ್ಯಾನ್ಸರ್ಸ್ ಎಂಬ ನಮ್ಮ ಸಂಸ್ಥಾನದ ಕುದುರೆಯ ದಳ 1914ರ ಕೊನೆಯಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಜೋಧಪುರದ ಸವಾರರು ಪಟ್ಟಣದ ಮೇಲೆ ನುಗ್ಗಿದರು; ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿದ್ದ ತೋಪುಗಳ ಮೇಲೆ ಬಿತ್ತು. ಅಲ್ಲಿಂದ ಮುಂದೆ, ತುರ್ಕರೊಡನೆ ಕದನವಿರಾಮಕ್ಕೆ ಸಹಿಯಾಗಲು ನಾಲ್ಕೇ ದಿನವಿರುವಾಗ, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನಿನಲ್ಲಿ ಇವರೇ ಮತ್ತೆ ಕುದುರೆಯೇರಿ ನುಗ್ಗಿದರು. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನೆಂಬುದು ವಾಚಕರಿಗೆ ತಿಳಿದಿರಬಹುದು. ಇನ್ನಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆಪಡೆಗಳನ್ನು ಕೂಡಿಸಿ 61ನೆಯ ಕ್ಯಾವಲ್ರಿ ಕಟ್ಟಿದಾಗ ಮೈಸೂರಿನ ದಳವೂ ಅದರಲ್ಲಿ ಬೆರೆಯಿತು. ಕಂಚಿನ ಮೂರ್ತಿಗೆ ಹೆಸರಿಲ್ಲ, ಇರಬೇಕಾದದ್ದೂ ಇಲ್ಲ. ಆದರೆ ಆ ದಳದ ಒಬ್ಬೊಬ್ಬ ಸವಾರನೂ ಊರಿಗೆ ಹಿಂತಿರುಗಿದ ಮೇಲೆ ಅವನಿಗೆ ದೊರೆತ ಪದಕದಲ್ಲಿ ಅವನ ಹೆಸರಿತ್ತು. ಆ ಪದಕಗಳು ಇಂದು ಎಲ್ಲಿವೆ?

ಕೆಲವು ಪೆಟ್ಟಿಗೆಯ ತಳದಲ್ಲಿವೆ. ಕೆಲವು ವಿದೇಶದ ಸಂಗ್ರಹಗಾರರ ಬಳಿ ಇವೆ. ಬಹುಪಾಲು ಅಕ್ಕಸಾಲಿಗನ ಮೂಸೆಯಲ್ಲಿ ಕರಗಿದವೆಂದೇ ನನ್ನ ಊಹೆ. ಮಗಳ ಮದುವೆಗೆ ಕಾಲ್ಗೆಜ್ಜೆ ಬೇಕಾದಾಗ, ಮಳೆ ಕೈಕೊಟ್ಟ ವರ್ಷ ಬೀಜಕ್ಕೆ ಹಣವಿಲ್ಲದಾಗ, ಅಜ್ಜನ ಪದಕವೂ ತಕ್ಕಡಿ ಏರಿದ್ದರೆ ಅದರಲ್ಲಿ ತಪ್ಪು ಹುಡುಕಲು ನಾನು ಸಿದ್ಧನಿಲ್ಲ. ಇದು ನಮ್ಮ ದೇಶದ ಬಡತನದ ಮಾತೂ ಅಲ್ಲ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಇಂಗ್ಲೆಂಡಿನಲ್ಲಿಯೇ ಈ ಪದಕಗಳು ರಾಶಿರಾಶಿಯಾಗಿ ಕರಗಿದವು. 2025ರಲ್ಲಿ ಬೆಳ್ಳಿ ಆ ಬೆಲೆಯನ್ನೂ ಮೀರಿತು. ಆದ್ದರಿಂದ ಈ ವಿಷಯವನ್ನು ಮುಂದಿನ ವರ್ಷದ ಸಂಚಿಕೆಗೆ ಬಿಡುವಂತಿಲ್ಲ ಎಂಬುದು ನನ್ನ ಭಾವನೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ನಮ್ಮ ಇತಿಹಾಸ ಸಂಘದ ಚರ್ಚೆಯೊಂದರಲ್ಲಿ ಮಿತ್ರರೊಬ್ಬರು ಇದನ್ನು ಬಹಳ ಬಿರುಸಾಗಿ ಎತ್ತಿದರು: "ಪರದೇಶದ ದೊರೆಯ ಯುದ್ಧ, ಅವನ ತಲೆಯಿರುವ ಬಿಲ್ಲೆ. ಸ್ವತಂತ್ರ ಭಾರತದ ವಿದ್ಯಾರ್ಥಿ ಅದನ್ನು ಎದೆಗವಚಿಕೊಳ್ಳಬೇಕೆ? ಕರಗಿದರೆ ಕರಗಲಿ!" ಈ ಮಾತಿನಲ್ಲಿ ಬಲವಿದೆ. ಬೆಳ್ಳಿಯ ಪದಕದ ಜೊತೆಗೆ ಕೊಡುತ್ತಿದ್ದ ಕಂಚಿನ 'ವಿಕ್ಟರಿ ಮೆಡಲ್' ಎಂಬುದರ ಬೆನ್ನಿನ ಮೇಲೆ 'ನಾಗರಿಕತೆಗಾಗಿ ನಡೆದ ಮಹಾಯುದ್ಧ' ಎಂಬ ಅರ್ಥದ ಮಾತಿದೆ, 1914ರಿಂದ 1919 ಎಂಬ ಇಸವಿಯೂ ಇದೆ. ಆ 1919ರಲ್ಲಿಯೇ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಏನು ನಡೆಯಿತೆಂಬುದನ್ನು ಬಲ್ಲವನಿಗೆ ಈ 'ನಾಗರಿಕತೆ' ಎಂಬ ಪದ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೂ ಮಿತ್ರರ ನಿರ್ಣಯವನ್ನು ನಾನು ಒಪ್ಪಲಾರೆ. ಪದಕದ ಮುಖ ದೊರೆಯದು, ಬೆನ್ನು ಸಾಮ್ರಾಜ್ಯದ್ದು. ಅಂಚು ಮಾತ್ರ ನಮ್ಮವನದು. ಅವನು ಸಂಬಳಕ್ಕಾಗಿ ಹೋದನೋ, ಊರಿನ ಪಟೇಲನ ಒತ್ತಾಯಕ್ಕೆ ಹೋದನೋ, ಕುದುರೆಯ ಮೇಲಿನ ಮೋಹದಿಂದ ಹೋದನೋ ನಮಗೆ ಗೊತ್ತಿಲ್ಲ. ಅದನ್ನು ವಿಚಾರಿಸಬೇಕಾದರೂ ಮೊದಲು ಅವನು ಯಾರೆಂಬುದು ಗೊತ್ತಿರಬೇಡವೆ? ಪದಕವನ್ನು ಪೂಜಿಸಿರಿ ಎಂದು ನಾನು ಹೇಳುತ್ತಿಲ್ಲ, ಓದಿರಿ ಎನ್ನುತ್ತಿದ್ದೇನೆ.

ಓದುವುದಕ್ಕೂ ಒಂದು ಅಭ್ಯಾಸ ಬೇಕು. ಅಂಚಿನಲ್ಲಿ ಜಾಗ ಕಡಮೆಯಾದ್ದರಿಂದ ಎಲ್ಲವೂ ಸಂಕ್ಷಿಪ್ತ. ಮೊದಲು ಬರುವ ಸಂಖ್ಯೆ ಅವನ ಪಟಾಲಮಿನ ನಂಬರು. ಆಮೇಲೆ ದರ್ಜೆ: ಕಾಲಾಳಾದರೆ ಸಿಪಾಯಿ, ನಾಯಕ, ಹವಾಲ್ದಾರ, ಕುದುರೆಯವನಾದರೆ ಸವಾರ, ದಫೇದಾರ, ಅದರ ಮೇಲೆ ಜಮಾದಾರ. ಇವುಗಳನ್ನು ನಾಲ್ಕೈದು ಅಕ್ಷರಕ್ಕೆ ಮೊಟಕುಮಾಡಿ ಒತ್ತಿರುತ್ತಾರೆ. ಅನಂತರ ಹೆಸರು. ಇಲ್ಲಿ ತಾಳ್ಮೆ ಬೇಕು. ನಮ್ಮ ಹೆಸರುಗಳನ್ನು ಕಿವಿಗೆ ಕೇಳಿದಂತೆ ಬರೆದ ಗುಮಾಸ್ತರು ಮುನಿಸ್ವಾಮಿಯನ್ನೂ ಚಿನ್ನಪ್ಪನನ್ನೂ ಯಾವ ರೂಪಕ್ಕೆ ತಂದಿದ್ದಾರೆಂದರೆ ಸ್ವತಃ ಅವರೇ ಎದ್ದು ಬಂದರೂ ಗುರುತು ಹಿಡಿಯುವುದು ಕಷ್ಟ. ಜೋರಾಗಿ ಉಚ್ಚರಿಸಿ ನೋಡುವುದೇ ಒಳ್ಳೆಯ ಉಪಾಯ. ಕಣ್ಣಿಗೆ ಹೊಳೆಯದ್ದು ಕಿವಿಗೆ ಹೊಳೆಯುತ್ತದೆ.

ಕೊನೆಗೆ ಪಟಾಲಮಿನ ಹೆಸರು. ಇದು ಕಾಲವನ್ನೂ ಹೇಳುತ್ತದೆ. ಬ್ರಿಟಿಷರ ಭಾರತೀಯ ಸೈನ್ಯದಲ್ಲಿ 1903ರಲ್ಲಿ ಒಂದು ಸಲ, 1922ರ ಸುಮಾರಿಗೆ ಮತ್ತೊಂದು ಸಲ ಪಟಾಲಮುಗಳ ಹೆಸರು-ನಂಬರುಗಳನ್ನೆಲ್ಲ ಬದಲಾಯಿಸಿದರು. ಬೆಂಗಳೂರಿನ ಮದರಾಸ್ ಸ್ಯಾಪರ್ಸ್ ಪಡೆಯ ಹೆಸರಿನಲ್ಲಿಯೇ ಇಂಥ ಹಲವು ಬದಲಾವಣೆಗಳನ್ನು ಕಾಣಬಹುದು. ಅಂಚಿನ ಮೇಲಿನ ಹೆಸರಿಗೂ ಮುಖದ ಮೇಲಿನ ಇಸವಿಗೂ ತಾಳೆಯಾಗದಿದ್ದರೆ ಏನೋ ಕೈವಾಡ ನಡೆದಿದೆಯೆಂದು ತಿಳಿಯಬೇಕು. ಇನ್ನೊಂದು ಎಚ್ಚರಿಕೆ. '88ನೆಯ ಕರ್ನಾಟಿಕ್ ಇನ್‌ಫೆಂಟ್ರಿ' ಎಂದು ಓದಿದೊಡನೆ ನಮ್ಮ ಮಿತ್ರರು ಕನ್ನಡದ ಬಾವುಟವನ್ನು ಹಾರಿಸಿಬಿಡುತ್ತಾರೆ. ಆ 'ಕರ್ನಾಟಿಕ್' ನಮ್ಮ ಕರ್ನಾಟಕವಲ್ಲ. ಆರ್ಕಾಟಿನ ನವಾಬರ ಸೀಮೆಗೆ, ಪೂರ್ವ ಕರಾವಳಿಯ ಪ್ರದೇಶಕ್ಕೆ, ಇಂಗ್ಲಿಷರು ಇಟ್ಟುಕೊಂಡಿದ್ದ ಹೆಸರು. ಹಾಗೆಂದು ಕನ್ನಡಿಗನು ಅದರಲ್ಲಿ ಇರಲೇ ಇಲ್ಲವೆಂದಲ್ಲ. ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಇದ್ದನೋ ಇಲ್ಲವೋ ಎಂಬುದನ್ನು ಹೆಸರು ಹೇಳಬೇಕೇ ಹೊರತು ಪಟಾಲಮಿನ ಪಟ್ಟಿಯಲ್ಲ.

ಒಬ್ಬನ ಪದಕಗಳು ಒಟ್ಟಾಗಿ ಸಿಕ್ಕರೆ ಕಥೆ ಇನ್ನೂ ಸ್ಪಷ್ಟವಾಗುತ್ತದೆ. ಯುದ್ಧದ ಆರಂಭದಲ್ಲಿಯೇ ಹೋದವನಿಗೆ, ಮೈಸೂರು ಲ್ಯಾನ್ಸರ್ಸಿನ ಮೊದಲ ತಂಡದವನಂತೆ, ಎರಡು ಕತ್ತಿಗಳನ್ನು ಅಡ್ಡಡ್ಡ ಇಟ್ಟಿರುವ 1914-15ರ ಕಂಚಿನ ನಕ್ಷತ್ರವೂ ಸಲ್ಲುತ್ತಿತ್ತು. ಅದರ ಬೆನ್ನು ಬಯಲಾಗಿದ್ದು ಅಲ್ಲಿ ಹೆಸರಿರುತ್ತದೆ. ಹೀಗೆ ಮೂರು. ಇಂಗ್ಲಿಷ್ ಸಿಪಾಯಿಗಳು ಈ ಮೂರಕ್ಕೆ ಆಗಿನ ಪತ್ರಿಕೆಯೊಂದರ ವ್ಯಂಗ್ಯಚಿತ್ರಗಳಲ್ಲಿ ಬರುತ್ತಿದ್ದ ನಾಯಿ, ಪೆಂಗ್ವಿನ್, ಮೊಲಗಳ ಹೆಸರನ್ನಿಟ್ಟು 'ಪಿಪ್, ಸ್ಕ್ವೀಕ್, ವಿಲ್‌ಫ್ರೆಡ್' ಎಂದು ಕರೆಯುತ್ತಿದ್ದರು. ನಕ್ಷತ್ರದಲ್ಲಿ 'ಸವಾರ' ಎಂದಿದ್ದು ಬೆಳ್ಳಿಯ ಪದಕದಲ್ಲಿ 'ದಫೇದಾರ' ಎಂದಿದ್ದರೆ ನಡುವೆ ಅವನಿಗೆ ಬಡ್ತಿ ದೊರೆತಿದ್ದೀತು. ಇಂಥ ಜೋಡಿಯನ್ನು ಒಡೆದು, ನಕ್ಷತ್ರವನ್ನು ಒಬ್ಬನಿಗೆ, ಬೆಳ್ಳಿಯನ್ನು ಇನ್ನೊಬ್ಬನಿಗೆ ಮಾರುವ ವ್ಯಾಪಾರಿಯದು ಪುಸ್ತಕದ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರುವವನ ಕೆಲಸ.

ಲೋಹವೂ ಮಾತಾಡುತ್ತದೆ. ಈ ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯಲ್ಲಿ ಮಾತ್ರವಲ್ಲದೆ ಕಂಚಿನಲ್ಲಿಯೂ ಇದೆ; ಸುಮಾರು 1,10,000 ಕಂಚಿನವು. ಅವು ಯಾರಿಗೆಂದರೆ, ಚೀನ, ಮಾಲ್ಟಾ, ಭಾರತ ಮುಂತಾದ ಕಡೆಗಳಿಂದ ಕೂಲಿಯ ದಳಗಳಲ್ಲಿ ಹೋಗಿ ರಸ್ತೆ ಕಡಿದವರಿಗೆ, ಹೊರೆ ಹೊತ್ತವರಿಗೆ. ಅದಕ್ಕಿಂತ ಹಿಂದಿನ ಗಡಿನಾಡಿನ ಯುದ್ಧಗಳ ಪದಕಗಳಲ್ಲಿಯೂ ಇದೇ ಕ್ರಮ: ಹೋರಾಡಿದವನಿಗೆ ಬೆಳ್ಳಿ, ಅವನಿಗೆ ಅಡಿಗೆ ಮಾಡಿದವನಿಗೆ, ನೀರು ಹೊತ್ತವನಿಗೆ, ಡೋಲಿ ಹೊತ್ತವನಿಗೆ, ಜಾಡಮಾಲಿಗೆ ಕಂಚು. ಗುಂಡು ಬಿದ್ದರೆ ಇಬ್ಬರಿಗೂ ಒಂದೇ ರೀತಿ ಬೀಳುತ್ತಿತ್ತಷ್ಟೆ! ಕಂಚಿಗೆ ಬೆಲೆಯಿಲ್ಲವೆಂದು ಅಕ್ಕಸಾಲಿಗ ಅದನ್ನು ಕೈಬಿಟ್ಟ. ಅದೇ ಕಾರಣದಿಂದ ಗುಜರಿಯಲ್ಲಿ ಅದು ಸಿಕ್ಕೀತು. ಸಿಕ್ಕರೆ ಬೆಳ್ಳಿಗಿಂತ ಹೆಚ್ಚು ಗೌರವದಿಂದ ಎತ್ತಿಕೊಳ್ಳಬೇಕು. ಅಂಥವನ ಹೆಸರನ್ನು ಬರೆದಿಟ್ಟ ಕಾಗದ ಬೇರೆ ಎಲ್ಲಿಯೂ ಇರಲಾರದು.

ಅಂಗೈಗಿಂತ ಅಗಲವಾದ, ಸುಮಾರು ನಾಲ್ಕೂಮುಕ್ಕಾಲು ಅಂಗುಲದ ಕಂಚಿನ ದುಂಡು ಫಲಕವೊಂದು ಎಲ್ಲಾದರೂ ಕಂಡರೆ ಅದನ್ನು ಪದಕವೆಂದು ತಿಳಿಯಬಾರದು. ಅದು ಮಡಿದವನ ಮನೆಯವರಿಗೆ ಕೊಟ್ಟದ್ದು. ತ್ರಿಶೂಲ ಹಿಡಿದ ಬ್ರಿಟಾನಿಯಾ, ಒಂದು ಸಿಂಹ, ಎರಡು ಡಾಲ್ಫಿನ್ ಮೀನುಗಳು. ಚೌಕದಲ್ಲಿ ಸತ್ತವನ ಹೆಸರು ಮಾತ್ರ, ದರ್ಜೆಯಿಲ್ಲ, ಪಟಾಲಮಿಲ್ಲ. ಸಾವಿನಲ್ಲಿ ಎಲ್ಲರೂ ಸಮಾನರೆಂಬ ಅಭಿಪ್ರಾಯದಿಂದ ಹಾಗೆ ಮಾಡಿದರು. ಸುಮಾರು 13 ಲಕ್ಷಕ್ಕೂ ಮೀರಿ ಇಂಥವನ್ನು ಎರಕ ಹೊಯ್ದರು. ಸತ್ತವನ ಬೆಲೆ ಒಂದು ಕಾಸು ಎಂಬ ಕಹಿಯಿಂದಲೋ ಏನೋ, ಇಂಗ್ಲೆಂಡಿನ ಜನ ಇದನ್ನು 'ಸತ್ತವನ ಪೆನ್ನಿ' ಎಂದು ಕರೆದರು.

ಎರಡನೆಯ ಮಹಾಯುದ್ಧದ ವಸ್ತುಗಳಲ್ಲಿ ತೊಡಕು ಬೇರೆ ರೀತಿಯದು. 25 ಲಕ್ಷ ಭಾರತೀಯರು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಸುಮಾರು 87 ಸಾವಿರ ಮಂದಿ ಮಡಿದರು. ಆರು ಮೂಲೆಯ ನಕ್ಷತ್ರಗಳು ಆಗ ಬಂದವು. ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಎಂದು ಮಧ್ಯದಲ್ಲಿಯೇ ಬರೆದಿರುವುದರಿಂದ ಯಾವುದೆಂದು ಮಕ್ಕಳೂ ಹೇಳಬಲ್ಲರು. ದೇಶದೊಳಗೇ ಮೂರು ವರ್ಷ ದುಡಿದವರಿಗೆ ಕೊಟ್ಟ 'ಇಂಡಿಯಾ ಸರ್ವಿಸ್ ಮೆಡಲ್' ಎಂಬುದರ ಹಿಂಬದಿಯಲ್ಲಿ ಅವಿಭಕ್ತ ಭಾರತದ ಭೂಪಟವಿದೆ. ಪದಕ ಕೈಸೇರುವ ವೇಳೆಗೆ ಆ ಭೂಪಟವೇ ಹಳತಾಗಿತ್ತು. ಆದರೆ ಈ ಯುದ್ಧದ ನಕ್ಷತ್ರ-ಪದಕಗಳಲ್ಲಿ ಬಹಳಷ್ಟು ಹೆಸರಿಲ್ಲದವು. ಹೆಸರಿಲ್ಲದ ಬರ್ಮಾ ಸ್ಟಾರು ಮನೆಯಿಂದ ಹೊರಟು ಅಂಗಡಿಯ ತಟ್ಟೆಗೆ ಬಿದ್ದ ಕ್ಷಣವೇ ಅನಾಥ. ಅದು ಯಾರದೆಂದು ಹೇಳುವುದು ಅದರ ಜೊತೆಯ ಕಾಗದ: ಬಿಡುಗಡೆಯ ಪತ್ರ, ಪಿಂಚಣಿಯ ಪುಸ್ತಕ, ಪದಕ ಬಂದ ರಟ್ಟಿನ ಪೆಟ್ಟಿಗೆಯ ಮೇಲಿನ ವಿಳಾಸ. ನಮ್ಮ ಸಂಗ್ರಹಗಾರರು ನಕ್ಷತ್ರವನ್ನು ಕೊಂಡು ರಟ್ಟಿನ ಪೆಟ್ಟಿಗೆಯನ್ನು ಎಸೆಯುತ್ತಾರೆ. ನಾನಾಗಿದ್ದರೆ ಪೆಟ್ಟಿಗೆಯನ್ನು ಇಟ್ಟುಕೊಂಡು ನಕ್ಷತ್ರವನ್ನು ಬೇಕಾದರೆ ಬಿಟ್ಟೇನು.

ಪದಕವಲ್ಲದ ಇತರ ವಸ್ತುಗಳ ಮೇಲೆ ಒಂದು ಬಾಣದ ಗುರುತನ್ನು ಹುಡುಕಬೇಕು. ಮೂರು ಗೆರೆಯ ಚೂಪು ಬಾಣ ಬ್ರಿಟಿಷ್ ಸೈನ್ಯದ ಸರ್ಕಾರಿ ಸ್ವತ್ತಿನ ಮುದ್ರೆ. ಅದರ ಕೆಳಗೆ ಇಂಗ್ಲಿಷಿನ 'ಐ' ಅಕ್ಷರವಿದ್ದರೆ ಅದು ಭಾರತದ್ದು. ಬಯೊನೆಟ್ಟಿನ ಬುಡದಲ್ಲಿ 'ಆರ್. ಎಫ್. ಐ.' ಎಂದಿದ್ದರೆ ಬಂಗಾಳದ ಇಷಾಪುರದ ಬಂದೂಕಿನ ಕಾರ್ಖಾನೆಯದು, ಪಕ್ಕದಲ್ಲಿ ಇಸವಿಯಿರುತ್ತದೆ. ಬಂದೂಕು, ಮದ್ದುಗುಂಡುಗಳನ್ನಂತೂ ಸಂಗ್ರಹದ ಮಾತಿನಲ್ಲಿ ತರಲೇಬಾರದು. 1959ರ ಆಯುಧ ಕಾಯಿದೆಯುಂಟು, ಅದಕ್ಕಿಂತ ಮೊದಲು ಪ್ರಾಣವುಂಟು. ಎಂಬತ್ತು ವರ್ಷದ ಮೇಲೂ ಸಿಡಿಯದ ಗುಂಡು ಸಿಡಿಯಬಲ್ಲುದು. ಹಾಗೆಯೇ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಕಳಿಸುವುದು 1972ರ ಪುರಾವಸ್ತು ಕಾಯಿದೆಗೆ ವಿರುದ್ಧ. ಮೊದಲನೆಯ ಮಹಾಯುದ್ಧ ಮುಗಿದು ನೂರು ವರ್ಷ ಕಳೆದಿದೆ ಎಂಬುದನ್ನು ಅಂತರಜಾಲದಲ್ಲಿ ವಿದೇಶಕ್ಕೆ ಮಾರುವ ಮಿತ್ರರು ನೆನೆಯಬೇಕು.

ಕೃತಕ ಪದಕಗಳ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅಸಲು ಪದಕವನ್ನು ಅಚ್ಚಿನಿಂದ ಹೊಡೆದಿರುತ್ತಾರೆ. ನಕಲಿಯನ್ನು ಅಸಲಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದಿರುತ್ತಾರೆ. ಲೋಹ ಆರುವಾಗ ಕುಗ್ಗುವುದರಿಂದ ನಕಲಿ ಕೂದಲೆಳೆಯಷ್ಟು ಚಿಕ್ಕದು, ದೊರೆಯ ಗಡ್ಡದ ಎಳೆಗಳು ಮಸಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ಅಸಲು ಪದಕದ ಅಂಚನ್ನು ಅರದಿಂದ ಉಜ್ಜಿ, ಸಾಧಾರಣ ಸಿಪಾಯಿಯ ಹೆಸರನ್ನು ಅಳಿಸಿ, ಬೆಲೆ ಬರುವಂಥ ಬೇರೆ ಹೆಸರನ್ನು ಕೊರೆಯುವುದು. ಅಡ್ಡಳತೆ 36 ಮಿಲಿಮೀಟರಿಗಿಂತ ಕಡಮೆ ಬಂದರೆ ಸಂದೇಹಪಡಬೇಕು. ಇದನ್ನು ಮೋಸವೆಂದು ಕರೆಯುತ್ತಾರೆ, ಕೊಂಡವನಿಗೆ ನಷ್ಟವಾಯಿತೆಂಬ ಅರ್ಥದಲ್ಲಿ. ಉಜ್ಜಿಹೋದ ಹೆಸರಿನವನಿಗೆ ಆದದ್ದನ್ನು ಏನೆಂದು ಕರೆಯೋಣ?

ಹಾಗಾದರೆ ಕೊಳ್ಳಲೇಬಾರದೆ? ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ಸಂಗ್ರಹಗಾರರು ಇಲ್ಲದಿದ್ದರೆ ಈ ಪದಕಗಳಲ್ಲಿ ಎಷ್ಟೋ ಇಂದು ಗೆಜ್ಜೆಯಾಗಿರುತ್ತಿದ್ದವು. ಅವರು ದುಡ್ಡು ಕೊಟ್ಟು ಉಳಿಸಿದ್ದನ್ನು ನಾವು ಒಪ್ಪಬೇಕು. ಅವರಲ್ಲಿ ಒಂದೊಂದು ಹೆಸರಿನ ಹಿಂದೆ ವರ್ಷಗಟ್ಟಲೆ ಅಲೆದವರೂ ಇದ್ದಾರೆ. ಮನೆಯವರು ಮಾರಲು ನಿಶ್ಚಯಿಸಿದ್ದರೆ ತಕ್ಕಡಿಯವನಿಗಿಂತ ಓದಬಲ್ಲವನು ಕೊಳ್ಳುವುದು ಮೇಲು. ಆದರೆ ಕ್ರಮ ಹೀಗಿರಬೇಕೆಂದು ನನ್ನ ಅಭಿಪ್ರಾಯ: ಮೊದಲು ಅಂಚಿನ ಬರಹವನ್ನು ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿಹೇಳುವುದು, ಆಮೇಲೆ ಬೆಲೆಯ ಮಾತು. ತನ್ನ ಅಜ್ಜನ ಹೆಸರು ಅಲ್ಲಿದೆಯೆಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಇಂಗ್ಲಿಷ್ ಬಾರದ ಸೊಸೆಯಂದಿರು ಅದನ್ನು 'ಮಾವನವರ ರಾಜನ ಬಿಲ್ಲೆ' ಎಂದು ಇಟ್ಟುಕೊಂಡು ಬಂದಿದ್ದಾರೆ. ನಮ್ಮ ಸೀಮೆಯ ಮುದುಕಿಯೊಬ್ಬರಿಗೆ ಹೀಗೆ ಓದಿಹೇಳಿದಾಗ ಆಕೆ, "ಅದರೊಳಗೆ ನಮ್ಮ ಮಾವನ ಹೆಸರು ಐತೇನಪ್ಪಾ, ಇನ್ನೊಂದು ಸಲ ಹೇಳು" ಎಂದು ಮೂರು ಸಲ ಹೇಳಿಸಿದರು. ಮಾರುವ ಮಾತು ಅಲ್ಲಿಗೆ ನಿಂತಿತು. ಪದಕವನ್ನು ಹುಣಸೆಹಣ್ಣು-ಬೂದಿ ಹಾಕಿ ಉಜ್ಜಬೇಡಿರೆಂದು ಮಾತ್ರ ಹೇಳಿ ಬಂದೆ. ವರ್ಷಕ್ಕೊಂದು ಸಲ ಹಾಗೆ ತಿಕ್ಕಿದರೆ ಅಕ್ಷರಗಳು ಸವೆಯುತ್ತವೆ. ಬೆಳ್ಳಿ ಕಪ್ಪಾಗಿರುವುದರಿಂದ ಯಾವ ಹಾನಿಯೂ ಇಲ್ಲ.

ಪಂಜಾಬಿನವರಿಗೆ ಒಂದು ಭಾಗ್ಯ ಒದಗಿತು. ಮೊದಲನೆಯ ಮಹಾಯುದ್ಧಕ್ಕೆ ಹೋದ ಅಲ್ಲಿನ ಸೈನಿಕರ ಹಳ್ಳಿವಾರು ದಫ್ತರಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. 3,20,000 ಮಂದಿಯ ವಿವರಗಳಿರುವ ಆ ದಫ್ತರಗಳನ್ನು ಇಂಗ್ಲೆಂಡಿನ ಗ್ರೀನಿಚ್ ವಿಶ್ವವಿದ್ಯಾನಿಲಯದವರು ಅಲ್ಲಿನ ಪಂಜಾಬಿಗಳ ಸಂಸ್ಥೆಯೊಂದರೊಡನೆ ಸೇರಿ 2021ರಿಂದ ಅಂತರಜಾಲಕ್ಕೆ ತರತೊಡಗಿದರು. ತಮ್ಮ ಮುತ್ತಜ್ಜನ ಹಳ್ಳಿಯ ಹೆಸರನ್ನು ಹಾಕಿ ಅವನನ್ನು ಕಂಡುಕೊಂಡವರುಂಟು. ನಮ್ಮ ತಾಲ್ಲೂಕಿಗೆ ಅಂಥ ದಫ್ತರವನ್ನು ಯಾರೂ ತಂದುಕೊಡುವುದಿಲ್ಲ. ಆದರೆ ಮನೆಮನೆಯ ಪದಕಗಳನ್ನು ಓದಿ ಕೂಡಿಸಿದರೆ ಅದೇ ಒಂದು ದಫ್ತರವಾದೀತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬೆಳೆದ 'ಸನ್ನಿ ಸೈಡ್' ಮನೆಯನ್ನು 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾಡಿದ್ದಾರೆ, ಸಂತೋಷದ ವಿಷಯ. ಆದರೆ ಜನರಲ್ಲರ ಹೆಸರು ಹೇಗೂ ಉಳಿಯುತ್ತದೆ. ಉಳಿಯದಿರುವುದು ಸವಾರನದು, ಡೋಲಿ ಹೊತ್ತವನದು.

ಈ ಕೆಲಸಕ್ಕೆ ನಮ್ಮ ಕಾಲೇಜಿನಲ್ಲಿ ಒಂದು ವಸ್ತುಸಂಗ್ರಹಾಲಯ ಬೇಕೆಂದು ನಾನು ಕೇಳುವುದಿಲ್ಲ. ಇರುವ ಒಂದು ಗಾಜಿನ ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂಬುದೇ ಸಂಶೋಧನೆಯ ವಿಷಯವಾಗಿರುವಾಗ ಯಾರ ಮನೆಯ ಪದಕವನ್ನೂ ಅಲ್ಲಿಗೆ ತರಬಾರದು. ಪದಕ ಮನೆಯಲ್ಲಿಯೇ ಇರಲಿ. ನಮಗೆ ಬೇಕಾದದ್ದು ಗ್ರಂಥಾಲಯದಲ್ಲಿ ಒಂದು ದಪ್ಪ ರಿಜಿಸ್ಟರು, ಇತಿಹಾಸ ವಿಭಾಗದ ಅಧ್ಯಾಪಕರ ಸಹಿ, ಎನ್.ಸಿ.ಸಿ.ಯ ಕೆಲವು ಉತ್ಸಾಹಿಗಳು. ಅಂಚಿನ ಬರಹ ಒತ್ತಿರುವಂತೆಯೇ ಇಂಗ್ಲಿಷಿನಲ್ಲಿ ಒಂದು ಕಲಮು. ಮನೆಯವರು ಹೇಳುವ ಹೆಸರು ಕನ್ನಡದಲ್ಲಿ ಒಂದು ಕಲಮು. ಊರು, ಮನೆಯವರಿಗೆ ಅವನ ವಿಷಯ ನೆನಪಿರುವುದೇನು, ಜೊತೆಗೆ ಕಾಗದಗಳೇನಾದರೂ ಉಂಟೆ, ನೋಡಿದ ತಾರೀಖು, ನೋಡಿದವರ ಸಹಿ. ಛಾಯಾಚಿತ್ರಕ್ಕೆ ಎಲ್ಲರ ಜೇಬಿನಲ್ಲಿಯೂ ಮೊಬೈಲಿದೆ. ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ತೆಗೆದರೆ ಸವೆದ ಅಕ್ಷರವೂ ಏಳುತ್ತದೆ. ಅದೂ ಆಗದಿದ್ದರೆ ತೆಳು ಕಾಗದದ ಪಟ್ಟಿಯನ್ನು ಅಂಚಿಗೆ ಸುತ್ತಿ ಸೀಸದ ಕಡ್ಡಿಯನ್ನು ಮೆಲ್ಲಗೆ ಆಡಿಸಿದರೆ ಸಾಕು. ಮಡಿದವನೆಂದು ಮನೆಯವರು ಹೇಳಿದರೆ ಕಾಮನ್‌ವೆಲ್ತ್ ಆಯೋಗದ ಪಟ್ಟಿಯಲ್ಲಿ ಹೆಸರನ್ನು ಹುಡುಕಬಹುದು. ಮೈಸೂರಿನ ದಳದವನಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳಿವೆ. ಅವನ್ನು ತಿರುವಿಹಾಕುವ ಕೆಲಸ ಎಂ.ಎ.ಗೆ ಹೋಗುವವರಿಗಿರಲಿ.

ಆರಂಭಿಸಲು ದಸರೆಯ ರಜೆಗಿಂತ ಒಳ್ಳೆಯ ಕಾಲವಿಲ್ಲ. ಆಯುಧಪೂಜೆಯ ಹಿಂದಿನ ದಿನ ಕತ್ತಿ, ಕುಡುಗೋಲುಗಳ ಜೊತೆಗೆ ಹಳೆಯ ಟ್ರಂಕುಗಳೂ ಅಟ್ಟದಿಂದ ಕೆಳಗಿಳಿಯುತ್ತವೆ. ಕೇಳಿದರೆ ಬೇಸರಪಡದೆ ತೋರಿಸುತ್ತಾರೆ. ಹುಣಸೆಹಣ್ಣು ನೆನೆಹಾಕುವುದಕ್ಕೆ ಮುಂಚೆ ಹೋಗಿ ತಲಪಬೇಕು, ಅಷ್ಟೆ.